ಸಿಪ್ಪೆ ನೀರು ಮತ್ತು ಇನ್ನೊಂದು ಔಷಧ

ವಿರೂಪಣ್ಣನ ಕರುಳು ಕಂಪ್ಯೂಟರಿನ ಪರದೆಯ ಮೇಲೆ ಹಸುಗೂಸಿನ ಒಸಡಿನ ಹಾಗೆ ನಸುಗೆಂಪಾಗಿ ಹೊಳೆಯುತ್ತಿತ್ತು. ನೋಡಲು ಅವನಿಗೆ ನಾಚಿಕೆಯಾಗಿ ಮೊದಲು ಗೋಡೆಯನ್ನು ನೋಡಿದ, ಆಮೇಲೆ ಟೇಬಲ್ಲಿನ ಮೇಲಿದ್ದ ಪೇಪರ್‌ವೇಟನ್ನು ನೋಡಿದ, ಕೊನೆಗೆ ಬೇರೆ ದಾರಿಯಿಲ್ಲದೆ ತನ್ನನ್ನೇ ನೋಡಿಕೊಂಡ. ಮಾನ್ವಿಯ ರೈಸ್ ಮಿಲ್ಲಿನ ಸಾಹುಕಾರ, ಹಣೆಯ ತುಂಬ ವಿಭೂತಿ, ಇಸ್ತ್ರಿ ಕೆಡದ ಬಿಳಿ ಅಂಗಿ. ಇದೆಲ್ಲದರ ಒಳಗೆ ಇಷ್ಟು ಎಳೆಯದಾದ, ಇಷ್ಟು ಹಸಿಯಾದ ವಸ್ತುವೊಂದು ಇಷ್ಟು ವರ್ಷ ಅಳುತ್ತ ಕೂತಿತ್ತೇ ಎಂದು ಅವನಿಗೆ ಅದರ ಮೇಲೆಯೇ ಕನಿಕರ ಬಂತು. "ಪೂರಾ ಮಾಯ್ದದ ನೋಡ್ರಿ," ಎಂದರು ಡಾಕ್ಟರ್ ಸ್ವಪ್ನಾ. "ಹೋದ ಸಲ ಇಲ್ಲೆಲ್ಲಾ ಹುಣ್ಣಿದ್ದವು, ಮುಟ್ಟಿದ್ರ ರಕ್ತ ಬರ್ತಿತ್ತು. ಈಗ ಹುಡುಕಿದ್ರೂ ಸಿಗೂದಿಲ್ಲ." ರಾಯಚೂರಿನ ಆ ಆಸ್ಪತ್ರೆಯ ಸಣ್ಣ ಕೋಣೆಯಲ್ಲಿ ವಿರೂಪಣ್ಣ ಜೋರಾಗಿ ಉಸಿರು ಬಿಟ್ಟ. ಬಿಟ್ಟ ಮೇಲೆ, ಬಹಳ ದಿನದಿಂದ ಅದನ್ನು ಹಿಡಿದುಕೊಂಡೇ ಓಡಾಡುತ್ತಿದ್ದೆ ಎಂದು ಗೊತ್ತಾಯಿತು.

ಖುಷಿಯಲ್ಲಿ ಏನಾದರೂ ಮಾತಾಡಬೇಕೆನಿಸಿ, ಊರಿನ ಯಾರದೋ ಯೋಗಕ್ಷೇಮ ಕೇಳುವವನ ಹಾಗೆ, ದಾಳಿಂಬೆ ಸಿಪ್ಪೆಯ ನೀರನ್ನು ಮುಂದುವರಿಸಬಹುದೇ ಎಂದು ಕೇಳಿದ. ಅವನ ಸೋದರತ್ತೆ ಬಸವಂತಮ್ಮ ಒಣಗಿದ ಸಿಪ್ಪೆಯನ್ನು ಕುದಿಸಿ, ಸೋಸಿ, ಮಜ್ಜಿಗೆಯಲ್ಲಿ ಕಲಸಿ ದಿನಾ ಬೆಳಿಗ್ಗೆ ಕೊಡುತ್ತಿದ್ದಳು. ಡಾಕ್ಟರು ನಕ್ಕರು. "ಕುಡೀರಿ, ಬ್ಯಾಡ ಅನ್ನೂದಿಲ್ಲ. ಆ ಸಿಪ್ಪಿಯೊಳಗ, ಉಳ್ಳಾಗಡ್ಡಿಯೊಳಗ, ಕೆಂಪು ಜ್ವಾಳದಾಗ ಫ್ಲೇವನಾಯ್ಡ್ ಅಂತ ಇರ್ತಾವ. ಆದ್ರ ನಾವು ತಿಂದದ್ದು ಹಂಗ ನೇರ ನಮಗ ದಕ್ಕೂದಿಲ್ಲ. ಭಾಳಷ್ಟು ದೊಡ್ಡ ಕರುಳಿಗಿ ಇಳೀತದ. ಅಲ್ಲಿ ಲೆಕ್ಕ ಇಲ್ಲದಷ್ಟು ಬ್ಯಾಕ್ಟೀರಿಯಾ ಅದಾವ. ಮೊದಲು ಅವು ತಿಂತಾವ, ಒಡೀತಾವ, ಅವು ಉಂಡು ಬಿಟ್ಟದ್ದು ನಮಗ ಬರ್ತದ. ಅದು ಉರಿ ಕಡಿಮಿ ಮಾಡ್ತದ ಅಂತ ಇಲಿಗಳ ಮ್ಯಾಲೆ ತೋರಿಸ್ಯಾರ. ಮನುಷ್ಯಾರಾಗ ಇನ್ನಾ ಗಟ್ಟಿ ಆಗಿಲ್ರಿ. ಒಬ್ಬೊಬ್ಬರ ಹೊಟ್ಟಿಯೊಳಗ ಒಂದೊಂದು ನಮೂನಿ ಬ್ಯಾಕ್ಟೀರಿಯಾ, ಒಬ್ಬರಿಗೆ ಆದದ್ದು ಇನ್ನೊಬ್ಬರಿಗೆ ಆಗಬೇಕಂತಿಲ್ಲ. ನಿಮಗ ವಾಸಿ ಮಾಡಿದ್ದು ಗುಳಿಗಿ, ಮತ್ತ ಮಲಗೂ ಮುಂದ ತಗೋತೀರಲ್ಲ, ಆ ಔಷಧ. ಅದನ್ನ ಮರೀಬ್ಯಾಡ್ರಿ." ಆ ಔಷಧ ಎಂದಾಗ ವಿರೂಪಣ್ಣ ಬಾಗಿಲ ಕಡೆ ನೋಡಿದ. ಬಾಗಿಲು ಮುಚ್ಚಿತ್ತು. ಅವನ ಮನಸ್ಸು ಮಾತ್ರ ಇನ್ನೊಂದು ಮಾತಿಗೆ ಸಿಕ್ಕಿಕೊಂಡಿತ್ತು. ಅವು ಉಂಡು ಬಿಟ್ಟದ್ದು ನಮಗೆ. ಅಂದರೆ ಕೊರಳಿನ ಲಿಂಗಕ್ಕೆ ತೋರಿಸಿ ತಾನು ಬಾಯಿಗಿಟ್ಟ ತುತ್ತನ್ನು ಒಳಗೆ ಇನ್ನೊಂದು ಪಂಕ್ತಿ ಉಂಡು, ಪ್ರಸಾದ ಮಾಡಿ, ಮತ್ತೆ ತನಗೇ ಕೊಡುತ್ತದೆ. ಹಾಗಾದರೆ ತನ್ನ ಹೊಟ್ಟೆಯಲ್ಲಿ ದಾಸೋಹ ನಡೆಸುವವರು ಯಾರು?

"ಅಂದಂಗ, ನೀವು ಒಂದು ಹುಡುಗೀನ್ನ ಕಳಿಸಿದ್ರಲ್ಲ, ದೇವದುರ್ಗದಾಕಿ, ಪ್ರಿಯದರ್ಶಿನಿ," ಎಂದರು ಡಾಕ್ಟರು ಪರದೆಯನ್ನು ಹಿಂದಕ್ಕೆ ತಿರುಗಿಸುತ್ತ. "ಮಳಿಗಾಲದಿಂದ ಈ ಕಡಿ ಬಂದಿಲ್ಲ. ಫೋನ್ ಮಾಡಿದ್ರ ಅವರಪ್ಪ ತಗೋತಾರ. ಯಾರೋ ಸಾವ್ಕಾರ್ರು ಹೇಳ್ಯಾರ, ಸಿಪ್ಪಿ ನೀರು ಚಾಲೂ ಮಾಡೀವಿ, ನಿಮ್ಮ ಗುಳಿಗಿ ಬಿಡಿಸೀವಿ ಅಂತಾರ. ಒಮ್ಮಿಲೇ ಬಿಟ್ರ ಈ ಬ್ಯಾನಿ ಜೀವಕ್ಕ ಬರ್ತದ್ರಿ. ನಿಮ್ಮ ಗುರ್ತಿನವ್ರಲ್ಲ, ಒಂದೀಟು ಹೇಳ್ರಿ." ಯಾವ ಸಾಹುಕಾರ ಎಂದು ಅವರು ಕೇಳಲಿಲ್ಲ. ವಿರೂಪಣ್ಣ ಹೇಳಲೂ ಇಲ್ಲ. ಹೂಂ ಎಂದು ಎದ್ದು ಬರುವಾಗ ಕುರ್ಚಿಗೆ ಧೋತರದ ಚುಂಗು ಸಿಕ್ಕಿ ಎಳೆಯಿತು.

ಕಾರಿನಲ್ಲಿ ಕೂತು ಹುಡುಗಿಯ ಅಪ್ಪ ಸಾಬಣ್ಣನಿಗೆ ಫೋನ್ ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಮಾಡಿದ. ಆಗಲೂ ಅಷ್ಟೇ. ಮಾನ್ವಿಗೆ ಹೋಗಬೇಕಾದವನು ದೇವದುರ್ಗದ ಹಾದಿ ಹಿಡಿದ. ಕಲ್ಮಲ ದಾಟುವವರೆಗೂ ಅವನ ತಲೆಯಲ್ಲಿ ಎರಡೇ ಪದಗಳು ಓಡುತ್ತಿದ್ದವು: ಮತ್ತೇನೂ ಇಲ್ಲ. ಅವನೇ ಆಡಿದ ಮಾತು. ಸಾಬಣ್ಣ ಕುರಿ ಸಾಕುವ ಮನೆತನದವನು, ಕಾಲುವೆ ನೀರು ಬಂದ ಮೇಲೆ ಭತ್ತವನ್ನೂ ಬೆಳೆದು ಇವನ ಮಿಲ್ಲಿಗೇ ತರುತ್ತಿದ್ದ. ಮಗಳಿಗೂ ಇದೇ ರೋಗ ಎಂದು ತಿಳಿದಾಗ ಡಾಕ್ಟರ ಹತ್ತಿರ ಕಳಿಸಿದವನು ವಿರೂಪಣ್ಣನೇ. ಅಲ್ಲಿಯವರೆಗೂ ಚೆನ್ನಾಗಿಯೇ ಇತ್ತು. ಆಮೇಲೊಂದು ದಿನ ಸುಗ್ಗಿಯಲ್ಲಿ, ಲಾರಿ ತೂಗುವ ಕಟ್ಟೆಯ ಹತ್ತಿರ ಹಮಾಲರೆಲ್ಲ ಚಹಾ ಕುಡಿಯುತ್ತಿದ್ದಾಗ, ತೂಕದ ಸತ್ತಾರ್ ಸಾಬ್ ಕಿಟಕಿಯಿಂದ ತಲೆ ಹೊರಗೆ ಹಾಕಿದ್ದಾಗ, ಸಾಬಣ್ಣ ದೊಡ್ಡ ದನಿಯಲ್ಲಿ ಕೇಳಿದ್ದ: "ಮೈಕೈ ತುಂಬಿಕೊಂಡ್ರಿ ಸಾವ್ಕಾರ್ರ, ಯಾವುದ್ರಲೆ ಆರಾಮಾತ್ರಿ?" ಎಲ್ಲರೂ ಇತ್ತ ತಿರುಗಿದರು. ಗುಳಿಗೆ ಎನ್ನಬಹುದಿತ್ತು. ಎಂದರೆ ಯಾವ ಗುಳಿಗೆ, ಬರೀ ಗುಳಿಗೆಯೇ, ಮತ್ತೇನು ಎಂದು ಸಾಬಣ್ಣ ಬಿಡುವವನಲ್ಲ. "ನಮ್ಮತ್ತಿ ಕೊಡೂ ದಾಳಿಂಬ್ರಿ ಸಿಪ್ಪಿ ನೀರು. ಮತ್ತೇನೂ ಇಲ್ಲ," ಎಂದುಬಿಟ್ಟ. ಹೇಳುವಾಗ ಎಷ್ಟು ಸಲೀಸಾಗಿ ಬಂದಿತ್ತು. ಹಮಾಲರು ತಲೆದೂಗಿದ್ದರು, ಸತ್ತಾರ್ ಸಾಬ್ ಕೂಡ ವಾಹ್ ಎಂದಿದ್ದ.

ಮತ್ತೇನು ಎಂಬುದು ಇವನ ಹೆಂಡತಿ ಉಮಾಶ್ರೀಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉದ್ದ ಮೂತಿಯ ಪ್ಲಾಸ್ಟಿಕ್ ಬಾಟಲಿ, ಅದರಲ್ಲಿ ಬಿಳಿ ಔಷಧ. ಎಡಮಗ್ಗುಲಾಗಿ ಮಲಗಿ, ಮೊಣಕಾಲು ಮಡಚಿ, ಹಿಂದಿನಿಂದ ಏರಿಸಿಕೊಂಡು ಅಲ್ಲಾಡದೆ ಬಿದ್ದಿರಬೇಕು. ಅದೂ ಒಂದು ನಾಚಿಕೆಯೇ, ಆದರೆ ಅಷ್ಟೇ ಆಗಿದ್ದರೆ ಅವನು ನುಂಗಿಕೊಳ್ಳುತ್ತಿದ್ದ. ಎದೆಯ ಮೇಲೆ ಲಿಂಗವಿತ್ತು. ಸಣ್ಣವನಿದ್ದಾಗ ಬಸವಂತಮ್ಮತ್ತೆಯೇ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿಕೊಟ್ಟಿದ್ದಳು, ಒಳಗೆ ಹೋಗುವುದೆಲ್ಲ ಮೊದಲು ಲಿಂಗಕ್ಕೆ, ಆಮೇಲೆ ನಿನಗೆ. ಲಿಂಗ ಮೈ ಬಿಟ್ಟು ಇಳಿಯಬಾರದು. ನೀರನ್ನೂ, ಪೇರಲಹಣ್ಣನ್ನೂ, ಜ್ವರದ ಗುಳಿಗೆಯನ್ನೂ ಅವನು ಅಂಗೈಯಲ್ಲಿ ತೋರಿಸಿಯೇ ಬಾಯಿಗೆ ಹಾಕಿಕೊಂಡವನು. ಆ ಬಾಟಲಿಯನ್ನು ಹೇಗೆ ತೋರಿಸುವುದು? ಒಮ್ಮೆ ಪ್ರಯತ್ನ ಮಾಡಿದ್ದ. ಎಡಗೈಯಲ್ಲಿ ಲಿಂಗ, ಬಲಗೈಯಲ್ಲಿ ಬಾಟಲಿ ಹಿಡಿದು ಕೂತಾಗ ತನಗೇ ನಗೆ ಬಂತು, ನಕ್ಕಿದ್ದಕ್ಕೆ ಭಯವಾಯಿತು. ಅಂದಿನಿಂದ ಔಷಧ ತೆಗೆದುಕೊಳ್ಳುವ ಮೊದಲು ಕೊರಳಿನಿಂದ ಲಿಂಗ ಬಿಚ್ಚಿ ಗೋಡೆಯ ಗೂಟಕ್ಕೆ ಕಟ್ಟಿ, ಮುಖ ಆ ಕಡೆ ಮಾಡದೆ ಮಲಗುತ್ತಿದ್ದ. ಎದ್ದ ಕೂಡಲೇ ಕಟ್ಟಿಕೊಳ್ಳುತ್ತಿದ್ದ. ಉಮಾಶ್ರೀ ನೋಡಿಯೂ ನೋಡದ ಹಾಗೆ ಹೊದಿಕೆ ಕೊಡವುತ್ತಿದ್ದಳು. "ಅತ್ತಿಗೆ ಹೇಳಿಬಿಡ್ರಿ, ಒಂದ್ಸಲ ಬೈತಾಳ, ಮುಗೀತದ," ಎಂದು ಒಂದೆರಡು ಬಾರಿ ಅಂದಿದ್ದಳು. ಅತ್ತೆಗೆ ಹೇಳುವುದು! ಲಿಂಗಪೂಜೆ ಮುಗಿಯದೆ ಇಂದಿಗೂ ಗುಟುಕು ನೀರು ಕುಡಿಯದವಳಿಗೆ.

ಗಬ್ಬೂರಿನ ಈಚೆ ಒಂದು ಪೆಟ್ರೋಲ್ ಬಂಕ್ ಕಾಣಿಸಿತು. ಈ ಸೀಮೆಯ ಎಲ್ಲ ರಸ್ತೆಗಳನ್ನೂ ಅವನು ಹೊಟ್ಟೆಯಿಂದಲೇ ಬಲ್ಲವನು. ಯಾವ ಬಂಕಿನ ಪಾಯಖಾನೆಗೆ ಬೀಗ, ಬೀಗದ ಕೈ ಯಾರ ಕಿಸೆಯಲ್ಲಿ, ಎಲ್ಲಿ ಜಾಲಿಯ ಮರೆ ಒತ್ತಾಗಿದೆ, ಎಲ್ಲಿ ನೀರು ಸಿಗುತ್ತದೆ. ದೇವಸುಗೂರಿಗೆ ಹೋದಾಗ ಸೂಗೂರೇಶ್ವರನ ಗುಡಿಯ ಪಂಕ್ತಿಯಲ್ಲಿ ಹುಗ್ಗಿ ಬಡಿಸಿಕೊಂಡು ಎರಡು ತುತ್ತು ಉಂಡಿರಲಿಲ್ಲ, ಒಳಗೆ ಕತ್ತರಿಸಿದ ಹಾಗಾಗಿ ಎದ್ದು ಓಡಿದ್ದ. ಪಂಕ್ತಿಯ ನಡುವೆ ಎದ್ದವನು, ತಾಟಿನಲ್ಲಿ ಪ್ರಸಾದ ಬಿಟ್ಟವನು. ಎಲ್ಲರ ಕಣ್ಣೂ ಅವನ ಧೋತರದ ಹಿಂಭಾಗದ ಮೇಲೆ. ತಿರುಗಿ ಬಂದಾಗ ತನ್ನ ತಾಟು ಖಾಲಿಯಿತ್ತು. ಉಮಾಶ್ರೀ ಅದನ್ನು ಉಂಡು, ನೀರು ಹಾಕಿ ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿದು, ಸೆರಗಿನಿಂದ ತಾಟು ಒರೆಸುತ್ತಿದ್ದಳು. ಅವನ ಕಡೆ ನೋಡಲಿಲ್ಲ. ಆಗ ಬಾರದ ಕಣ್ಣೀರು ಈಗ ಸ್ಟೇರಿಂಗಿನ ಮೇಲೆ ಯಾಕೆ ಬರಬೇಕು? ಬಂಕ್ ಹಿಂದೆ ಹೋಯಿತು. ಅದು ಹಿಂದೆ ಹೋದದ್ದು ತನಗೆ ತಿಳಿಯಲೇ ಇಲ್ಲ, ಹೊಟ್ಟೆ ಒಂದು ಮಾತೂ ಆಡಲಿಲ್ಲ. ಇಷ್ಟು ಆರಾಮಾದ ಹೊಟ್ಟೆಯನ್ನು ಹೊತ್ತುಕೊಂಡು, ತಾನು ಸುಳ್ಳು ಹೇಳಿ ಕೆಡಿಸಿದ ಇನ್ನೊಂದು ಹೊಟ್ಟೆಯನ್ನು ನೋಡಲು ಹೊರಟಿದ್ದೇನೆ ಎನಿಸಿ ಅವನಿಗೆ ತನ್ನ ಆರೋಗ್ಯವೇ ಅಸಹ್ಯವಾಯಿತು. ಹುಡುಗಿ ಬಿ.ಎ. ಮುಗಿಸಿದ್ದಳು. ರಕ್ತ ಹೋಗಿ ಹೋಗಿ ಹಾಸಿಗೆ ಹಿಡಿದಿದ್ದರೆ? ಸಾಬಣ್ಣ ಫೋನ್ ಯಾಕೆ ಎತ್ತುತ್ತಿಲ್ಲ?

ದೇವದುರ್ಗದಲ್ಲಿ ಸಾಬಣ್ಣನ ಓಣಿಗೆ ಕಾರು ಹೋಗುವುದಿಲ್ಲ. ತಿರುವಿನಲ್ಲಿ ನಿಲ್ಲಿಸಿ ನಡೆದ. ಮನೆ ಕಣ್ಣಿಗೆ ಬಿದ್ದದ್ದೇ ಕಾಲು ನಿಂತವು. ಬಾಗಿಲ ಮುಂದೆ ಚಪ್ಪಲಿಗಳು, ಹೆಂಗಸರ ಚಪ್ಪಲಿಗಳು, ಹೊಸ್ತಿಲಿನಿಂದ ಓಣಿಯ ನಡುವಿನವರೆಗೆ. ಒಳಗಿನಿಂದ ಅನೇಕರು ಒಮ್ಮೆಲೇ ತಗ್ಗಿದ ದನಿಯಲ್ಲಿ ಮಾತಾಡುವ ಸದ್ದು. ಸಾಬಣ್ಣ ಹೊರಗಿನ ಕಟ್ಟೆಯ ಮೇಲೆ ಒಬ್ಬನೇ, ತಲೆಗೆ ಕೈ ಹಚ್ಚಿಕೊಂಡು ಕೂತಿದ್ದ. ಮುಗಿಯಿತು, ಎಂದುಕೊಂಡ ವಿರೂಪಣ್ಣ. ನಾನೇ ಕೊಂದೆ. ಕೈ ತಾನಾಗಿಯೇ ಅಂಗಿಯೊಳಗಿನ ಲಿಂಗವನ್ನು ಹುಡುಕಿತು, ಹುಡುಕಿ, ಯಾವ ಮುಖ ಇಟ್ಟುಕೊಂಡು ಹಿಡಿಯಲಿ ಎಂದು ಮತ್ತೆ ಕೆಳಗೆ ಬಿತ್ತು.

"ಯಪ್ಪಾ, ಸಾವ್ಕಾರ್ರ!" ಸಾಬಣ್ಣ ದಡಬಡಿಸಿ ಎದ್ದ. "ಹೇಳದ ಕೇಳದ ಬಂದ್ರಿ? ಬರ್ರಿ ಬರ್ರಿ. ಏನ್ ಮಾಡ್ಲಿರೀ, ಒಳಗ ಹೆಣ್ಮಕ್ಕಳ ಸಂಘದ ಮೀಟಿಂಗ್ ನಡದದ. ನನ್ನ ಮನಿಯೊಳಗಿಂದ ನನ್ನ ಹೊರಗ ಹಾಕ್ಯಾರ. ಫೋನೂ ಒಳಗ ಅದ." ವಿರೂಪಣ್ಣ ಕಟ್ಟೆಯ ಮೇಲೆ ಕೂತ. ತೆರೆದ ಬಾಗಿಲಿನಿಂದ ಪಡಸಾಲೆ ಕಾಣುತ್ತಿತ್ತು. ಹೆಂಗಸರು ಗುಂಡಗೆ ಕೂತಿದ್ದರು, ನಡುವೆ ಪ್ರಿಯದರ್ಶಿನಿ, ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಯಾರನ್ನೋ ಗದರುತ್ತಿದ್ದಳು. ಗದರುತ್ತಿದ್ದಳು! ಇಷ್ಟು ಇಂಪಾದ ಗದರಿಕೆಯನ್ನು ಅವನು ಎಂದೂ ಕೇಳಿರಲಿಲ್ಲ.

ಅವಳೇ ನೀರು ತಂದುಕೊಟ್ಟಳು. ಮುಖದಲ್ಲಿ ಕಳೆಯಿತ್ತು, ಕಣ್ಣು ಮಾತ್ರ ಸ್ವಲ್ಪ ಸೋತಿತ್ತು. "ನೋಡ್ರಿ, ನಿಮ್ಮ ಪುಣ್ಯೇವು," ಎಂದ ಸಾಬಣ್ಣ ಹೆಮ್ಮೆಯಿಂದ. "ಎಲ್ಲಾ ಗುಳಿಗಿ ಬಿಡಿಸೀನ್ರಿ. ನೀವು ಹೇಳಿದಂಗ ಸಿಪ್ಪಿ ನೀರೊಂದ, ಮತ್ತೇನೂ ಇಲ್ಲ." ತನ್ನ ಮಾತು ಅವನ ಬಾಯಿಂದ ಬಂದದ್ದೇ ವಿರೂಪಣ್ಣನ ಒಳಗೆ ಏನೋ ಸಡಿಲಾಯಿತು. ಇಷ್ಟು ವರ್ಷ ತಡೆಹಿಡಿದು ತಡೆಹಿಡಿದು ಬದುಕಿದವನು, ಇನ್ನು ಇದೊಂದನ್ನು ಹಿಡಿದಿಟ್ಟುಕೊಳ್ಳಲು ಅವನಿಂದಾಗಲಿಲ್ಲ. "ಸಾಬಣ್ಣ, ನಾ ಸುಳ್ಳ ಹೇಳೀನಿ," ಎಂದ. ದನಿ ಅವನೆಣಿಸಿದ್ದಕ್ಕಿಂತ ದೊಡ್ಡದಾಗಿ ಬಂತು, ಒಳಗಿನ ಮಾತು ನಿಂತಿತು. "ಸಿಪ್ಪಿ ನೀರು ಕುಡದೀನಿ, ಖರೆ. ಆದ್ರ ಅದರಿಂದಷ್ಟ ಅಲ್ಲ. ಗುಳಿಗಿ ತಗೊಂಡೀನಿ, ಒಂದಿನಾನೂ ಬಿಟ್ಟಿಲ್ಲ. ಮತ್ತ ಮಲಗೂ ಮುಂದ ಒಂದು ಬಾಟ್ಲಿ ಔಷಧ ಅದ, ಅದು… ಹಿಂದಿನಿಂದ ಏರಿಸ್ಕೋಬೇಕು. ಎನಿಮಾ. ಅದನ್ನ ಹೇಳಾಕ ನಾಚಿ, ಹಮಾಲ್ರ ಮುಂದ ಸಿಪ್ಪಿ ಅಂದೆ. ಹುಡುಗಿ ಗುಳಿಗಿ ಬಿಡಿಸಬ್ಯಾಡೋ ಮಾರಾಯ. ಜೀವಕ್ಕ ಬರ್ತದ."

ದೇವದುರ್ಗದ ಅರ್ಧ ಹೆಂಗಸರ ಮುಂದೆ ಮಾನ್ವಿಯ ಸಾಹುಕಾರ ತನ್ನ ಹಿಂಭಾಗದ ವಿಷಯ ಮಾತಾಡಿದ್ದ. ಸಂಜೆಯೊಳಗೆ ಮಾತು ಮಿಲ್ಲಿಗೆ ತಲುಪುತ್ತದೆ. ತಲುಪಲಿ. ಮೊದಲು ಅಲುಗಿದ್ದು ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದ ಸಾಬಣ್ಣನ ತಾಯಿ ಕರೆಮ್ಮ. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ಹೆಗಲು ಕುಣಿಯುತ್ತಿದ್ದವು. "ಅದರಾಗ ನಾಚಿಕಿ ಏನ್ ಬಂತೋ ಯಪ್ಪಾ? ಈ ಸಾಬಣ್ಣ ಕೂಸಿದ್ದಾಗ ಹೊಟ್ಟಿ ಬಿಗದು ನೀಲಿಗಟ್ಟಿದ್ದ. ಎಲಿತೊಟ್ಟು ಔಡಲೆಣ್ಣ್ಯಾಗ ಅದ್ದಿ ನಾನ ಹಿಂದ ಇಟ್ಟೀನಿ. ಒಂದ ಸಲ ಅಲ್ಲ, ನೂರು ಸಲ. ಅದಕ್ಕ ಇವತ್ತು ಮೀಸಿ ಬಿಟ್ಕೊಂಡು ಕುಂತಾನ." ಹೆಂಗಸರೆಲ್ಲ ಒಮ್ಮೆಲೇ ನಕ್ಕರು. ಸಾಬಣ್ಣ ಮೀಸೆಯ ಮೇಲೆ ಕೈಯಿಟ್ಟುಕೊಂಡು "ಯವ್ವಾ, ಬಿಡಬೇ," ಎಂದ. ವಿರೂಪಣ್ಣನೂ ನಕ್ಕ. ಅವರು ನಕ್ಕದ್ದು ಅವನನ್ನು ನೋಡಿ ಅಲ್ಲ. ವೀಳ್ಯದೆಲೆಯ ತೊಟ್ಟು ತನಗೂ ಇಟ್ಟಿರಬೇಕು, ಅವ್ವ ಸತ್ತ ಮೇಲೆ ತನ್ನನ್ನು ಸಾಕಿದ ಬಸವಂತಮ್ಮತ್ತೆಯೇ ಇಟ್ಟಿರಬೇಕು ಎಂಬುದು ಅವನಿಗೆ ಆ ನಗುವಿನ ನಡುವೆ ಹೊಳೆಯಿತು.

ಪ್ರಿಯದರ್ಶಿನಿ ಮಾತ್ರ ನಗಲಿಲ್ಲ. ಒಳಗೆ ಹೋಗಿ ದಾಳಿಂಬೆ ಸಿಪ್ಪೆಯ ಡಬ್ಬಿ ತಂದು ಅಪ್ಪನ ಮುಂದೆ ಬೋರಲು ಹಾಕಿದಳು. ಒಣಸಿಪ್ಪೆಗಳ ಕೆಳಗಿನಿಂದ ಗುಳಿಗೆಯ ಪಟ್ಟಿಗಳು ಬಿದ್ದವು. "ನಾ ಬಿಟ್ಟಿಲ್ಲಪ. ನೀ ಬ್ಯಾಡಂದಿ ಅಂತ ಮುಚ್ಚಿಟ್ಟು ತಗೊಂಡೀನಿ. ನರ್ಸಿಂಗ್ ಕಲ್ಯೂ ಗೆಳತಿ ರಾಯಚೂರಿಂದ ತಂದುಕೊಡ್ತಾಳ." ಸಾಬಣ್ಣ ಡಬ್ಬಿಯನ್ನು ನೋಡಿದ, ಮಗಳನ್ನು ನೋಡಿದ. "ಮತ್ತ ದಿನಾ ಸಿಪ್ಪಿ ನೀರು ಖಾಲಿ ಆಗ್ತಿತ್ತಲ್ಲ?" "ಅದು ನಾ ಕುಡದೀನಿ," ಎಂದಳು ಕರೆಮ್ಮ. "ಒಗರಿರ್ತದ, ನನಗ ಸೇರ್ತದ. ಚೆಲ್ಲಬೇಕಾಗಿತ್ತೇನು?" ವಿರೂಪಣ್ಣನಿಗೆ ಕುಣಿಯಬೇಕೆನಿಸಿತು. ತಾನು ಈ ಹುಡುಗಿಯನ್ನು ಕೊಲ್ಲಲಿಲ್ಲ. ತನ್ನ ಸುಳ್ಳಿಗಿಂತ ಇವಳ ಸುಳ್ಳು ಗಟ್ಟಿಯಾಗಿತ್ತು. ಅವಳು ಇವನ ಕಡೆ ತಿರುಗಿ, ದನಿ ತಗ್ಗಿಸಿ, "ಆ ಬಾಟ್ಲಿ ಔಷಧ ನನಗೂ ಬರದಿದ್ರು ರೀ," ಎಂದಳು. "ಅದೊಂದ ತಗೊಂಡಿಲ್ಲ. ಮನ್ಯಾಗ ಹೆಂಗ ಹೇಳೂದು ತಿಳೀಲಿಲ್ಲ. ಒಮ್ಮೊಮ್ಮೆ ಇನ್ನಾ ರಕ್ತ ಬೀಳ್ತದ." ಕೇಳಿಸಿಕೊಂಡ ಕರೆಮ್ಮ ನೆಲಕ್ಕೆ ಕೈಯೂರಿ ಎದ್ದಳು. "ನಾಳಿ ರಾಯಚೂರಿಗೆ ನಡಿ. ನಾನೂ ಬರ್ತೀನಿ. ಹೆಂಗ ಕೊಡೂದು ಅಂತ ಆ ಡಾಕ್ಟರಮ್ಮನ್ನ ಕೇಳ್ಕೊಂಡು ಬಂದು ನಾನ ಕೊಡ್ತೀನಿ." ಸಾಬಣ್ಣ ಗುಳಿಗೆಯ ಪಟ್ಟಿಗಳನ್ನು ಒಂದೊಂದಾಗಿ ಆರಿಸಿ ಮಗಳ ಕೈಗೆ ಕೊಟ್ಟ.

ಮಾನ್ವಿಗೆ ಬಂದಾಗ ಹೊತ್ತು ಇಳಿದಿತ್ತು, ಮಿಲ್ಲಿನ ಸದ್ದು ಇನ್ನೂ ನಿಂತಿರಲಿಲ್ಲ. ಬಸವಂತಮ್ಮ ಪಡಸಾಲೆಯಲ್ಲಿ ದಾಳಿಂಬೆಯ ಸಿಪ್ಪೆಗಳನ್ನು ಮೊರದಲ್ಲಿ ಹರವಿಕೊಂಡು ಕೂತಿದ್ದಳು. ವಿರೂಪಣ್ಣ ಅಂಗಿ ಕೂಡ ಬಿಚ್ಚದೆ ಅವಳ ಎದುರು ನೆಲದ ಮೇಲೆ ಕೂತ. ಅಡುಗೆಮನೆಯ ಬಾಗಿಲಲ್ಲಿ ಉಮಾಶ್ರೀ ಸೌಟು ಹಿಡಿದುಕೊಂಡೇ ನಿಂತಳು. ಕರುಳು ಮಾಯ್ದದ್ದನ್ನು ಹೇಳಿದ. ಅತ್ತೆ ಸಿಪ್ಪೆಯ ಮೊರಕ್ಕೆ ಕೈಮುಗಿದಳು. ಆಮೇಲೆ ಬಾಟಲಿಯ ವಿಷಯ ಹೇಳಿದ. ದೇವದುರ್ಗದಲ್ಲಿ ಅಷ್ಟು ಜನರ ಮುಂದೆ ಬಂದ ಮಾತು ಇಲ್ಲಿ ಒಬ್ಬಳ ಮುಂದೆ ತಡವರಿಸಿತು. "ಅದಕ್ಕ… ಅದನ್ನ ತಗೊಳ್ಳೂ ಮುಂದ ಲಿಂಗ ಬಿಚ್ಚಿ ಗೂಟಕ್ಕ ಕಟ್ಟತಿದ್ದೆ, ಅತ್ತಿ. ಮೈಮ್ಯಾಲೆ ಇಟ್ಕೊಂಡು ಹೆಂಗ ತಗೊಳ್ಳಲಿ?"

ಬಸವಂತಮ್ಮನ ಕೈ ಸಿಪ್ಪೆಗಳಲ್ಲೇ ನಿಂತಿತು. ಬೈಗುಳಕ್ಕೆ ಅವನು ತಲೆ ತಗ್ಗಿಸಿದ. ತಲೆಯೆತ್ತಿ ನೋಡಿದರೆ ಅತ್ತೆ ಅಳುತ್ತಿದ್ದಳು. "ಗೂಟಕ್ಕ ಇದ್ದದ್ದು ನಾ ನೋಡೀನೋ ವಿರುಪ್ಯಾ," ಎಂದಳು. "ಎಷ್ಟೋ ಸಲ ನೋಡೀನಿ. ನೀ ಬ್ಯಾನಿಗೆ ಸಿಟ್ಟಾಗಿ ದೇವರನ್ನ ಬಿಟ್ಟಿ, ನಂಬಿಕಿ ಹೋತು ನಿನಗ, ನನ್ನ ಮುಂದಷ್ಟ ಕಟ್ಕೊಂಡು ತಿರಗತಿ ಅಂತ ತಿಳಕೊಂಡಿದ್ದೆ. ಯಾರ ಮುಂದ ಹೇಳ್ಲಿ? ದಿನಾ ಸಿಪ್ಪಿ ಕುದಿಸೂ ಮುಂದ ಒಲಿ ಮುಂದ ಕುಂತು ಅತ್ತೀನಿ." ಮೂಗು ಒರೆಸಿಕೊಂಡಳು. "ಇಷ್ಟಕ್ಕೇನು? ಒಂದು ಔಷಧಕ್ಕೇನು?" ಎಂದಳು, ಮತ್ತೆ ಒಮ್ಮೆ, "ಇಷ್ಟಕ್ಕೇನು?" ಎಂದಳು. ಆಮೇಲೆ ಅವಳ ದನಿಗೆ ಹಳೆಯ ಖಾರ ಬಂತು. "ತಗೊಂಡಿದ್ದು ತಪ್ಪಲ್ಲ. ಅವನ್ನ ಬಿಟ್ಟು ಒಬ್ಬನ ತಗೊಂಡ್ಯಲ್ಲ, ಅದು ತಪ್ಪು. ಒಳಗ ಹೋಗೂದೆಲ್ಲಾ ಮೊದಲು ಅವಗ ಅಂತ ಹೇಳಿದ್ದೆ. ಯಾವ ಬಾಗಲಲೆ ಅಂತ ಹೇಳಿದ್ದೆನೇನು? ಉಮಾ, ತಾ ಇಲ್ಲಿ ಆ ಬಾಟ್ಲಿ."

ಉಮಾಶ್ರೀ ಸೌಟನ್ನು ಅಲ್ಲೇ ಇಟ್ಟು ಒಳಗೋಡಿ ತಂದುಕೊಟ್ಟಳು. ಬಸವಂತಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು, ಮೂತಿಯ ಉದ್ದ ನೋಡಿ ಒಮ್ಮೆ ಹುಬ್ಬೇರಿಸಿದಳು, ಪಕ್ಕದ ಕರಡಿಗೆಯಿಂದ ವಿಭೂತಿಯ ಉಂಡೆ ತೆಗೆದು ನೀರಿನಲ್ಲಿ ತೇದು, ಆ ಪ್ಲಾಸ್ಟಿಕ್ ಬಾಟಲಿಯ ಹೊಟ್ಟೆಯ ಮೇಲೆ ಮೂರು ಬೆರಳು ಎಳೆದಳು. ಅವನ ಬಲಗೈಗೆ ಅದನ್ನು ಕೊಟ್ಟಳು. ಎಡ ಅಂಗೈಯನ್ನು ತಾನೇ ಹಿಡಿದು ಬಿಡಿಸಿ, ಸಣ್ಣವನಿದ್ದಾಗ ಮಾಡುತ್ತಿದ್ದ ಹಾಗೆ, ಅವನ ಅಂಗಿಯೊಳಗಿನಿಂದ ಲಿಂಗವನ್ನು ಎತ್ತಿ ಅದರಲ್ಲಿಟ್ಟಳು.

"ತೋರಸು," ಎಂದಳು.